ಊರ ಕೆರೆಗೆ ಯಜಮಾನರು ಯಾರು?



ನಿಮ್ಮ ಊರಿನ ಕೆರೆ ಕಡೆಯ ಸಲ ಕೋಡಿ ಹರಿದದ್ದು ಯಾವ ವರ್ಷ? ಅದಕ್ಕೆ ಎಷ್ಟು ತೂಬುಗಳಿವೆ? ತೂಬು ಎತ್ತಬೇಕು, ಮುಚ್ಚಬೇಕು ಎಂದು ಈಗ ತೀರ್ಮಾನ ಮಾಡುವವರು ಯಾರು? ರಾತ್ರಿ ಎಲ್ಲರೂ ಊಟಕ್ಕೆ ಕುಳಿತಾಗ ಮನೆಯಲ್ಲಿ ಈ ಮೂರು ಪ್ರಶ್ನೆಗಳನ್ನು ಕೇಳಿ ನೋಡಿ. ಅಜ್ಜ ಅಜ್ಜಿಯರಿಗೆ ಮೂರಕ್ಕೂ ಉತ್ತರ ಗೊತ್ತಿದ್ದೀತು. ನಡುವಯಸ್ಸಿನವರಿಗೆ ಒಂದಕ್ಕೋ ಎರಡಕ್ಕೋ. ಮಕ್ಕಳಿಗೆ ಕೆರೆ ಎಂದರೆ ಶಾಲೆಯ ಬಸ್ಸಿನ ಕಿಟಕಿಯಿಂದ ಕಾಣುವ ಜಾಲಿ ಪೊದೆ. ಮೂರನೆಯ ಪ್ರಶ್ನೆಗೆ ‘ಯಾರೂ ಇಲ್ಲ’ ಎಂಬ ಉತ್ತರ ಬಂದರೆ ಆಶ್ಚರ್ಯಪಡಬೇಡಿ. ಎಷ್ಟೋ ಊರುಗಳಲ್ಲಿ ಅದೇ ನಿಜ. ಈ ವಾರದ ಪಾಠ ಆ ಉತ್ತರದ ಬಗ್ಗೆಯೇ.

ಯಾರೊಬ್ಬರ ಖಾತೆಗೂ ಸೇರದೆ ಎಲ್ಲರ ಬದುಕಿಗೂ ಬೇಕಾಗುವ ಆಸ್ತಿ ಪ್ರತಿ ಹಳ್ಳಿಯಲ್ಲೂ ಇರುತ್ತದೆ. ಗೋಮಾಳ, ಗುಂಡುತೋಪು, ಹಳ್ಳ, ಕಟ್ಟೆ. ಇವುಗಳಲ್ಲಿ ಕೆರೆಯೊಂದನ್ನೇ ಇಲ್ಲಿ ತೆಗೆದುಕೊಂಡಿದ್ದೇವೆ. ಕರ್ನಾಟಕದಲ್ಲಿ ಸಣ್ಣವು ದೊಡ್ಡವು ಸೇರಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆ. 19ನೇ ಶತಮಾನದಲ್ಲಿ ಮೈಸೂರು ಸೀಮೆಯ ಮುಖ್ಯ ಎಂಜಿನಿಯರ್ ಆಗಿದ್ದ ರಿಚರ್ಡ್ ಸ್ಯಾಂಕಿಯವರು, ಹಿಂದಿನವರು ಎಷ್ಟು ಪೂರ್ತಿಯಾಗಿ ಕೆರೆ ಕಟ್ಟಿದ್ದಾರೆಂದರೆ ಹೊಸದೊಂದಕ್ಕೆ ಜಾಗ ಹುಡುಕುವುದೇ ಕಷ್ಟ ಎಂಬ ಅರ್ಥದ ಮಾತನ್ನು ಬರೆದಿಟ್ಟರು. ಅಂದರೆ ನಮ್ಮ ಪಾಲಿಗೆ ಉಳಿದಿರುವ ಕೆಲಸ ಕಟ್ಟಿದ್ದನ್ನು ನಡೆಸಿಕೊಂಡು ಹೋಗುವುದು.

ಹಿಂದಿನವರು ನಡೆಸಿದ ಬಗೆ

ಕೆರೆ ಎಂದರೆ ನೀರು ನಿಂತ ಗುಂಡಿಯಲ್ಲ. ಮಳೆನೀರು ಬಂದು ಸೇರುವ ಬಯಲು, ಅದನ್ನು ತರುವ ಕಾಲುವೆ, ನೀರು ನಿಲ್ಲುವ ಅಂಗಳ, ತಡೆಯುವ ಏರಿ, ಹೆಚ್ಚಾದದ್ದನ್ನು ಹೊರಗೆ ಬಿಡುವ ಕೋಡಿ, ಗದ್ದೆಗೆ ಬಿಡುವ ತೂಬು, ಅದರ ಕೆಳಗಿನ ಅಚ್ಚುಕಟ್ಟು, ಇಷ್ಟೂ ಸೇರಿ ಒಂದು ಕೆರೆ. ಒಂದರ ಕೋಡಿ ನೀರು ಕೆಳಗಿನ ಊರಿನ ಕೆರೆಗೆ, ಅಲ್ಲಿಂದ ಇನ್ನೂ ಕೆಳಗಿನದಕ್ಕೆ, ಹೀಗೆ ಸರಪಳಿಯಾಗಿ ಇವು ಇವೆ. ಮೇಲಿನ ಊರಿನವರು ಕೋಡಿಗೆ ಮರಳು ಚೀಲ ಜೋಡಿಸಿ ಒಂದಡಿ ಎತ್ತರಿಸಿದರೂ ಸಾಕು, ಹಿಂದಿನ ಹೊಲ ಮುಳುಗುತ್ತದೆ, ಮುಂದಿನ ಊರು ಒಣಗುತ್ತದೆ. ಕೆರೆಯ ಜಗಳಗಳು ಹುಟ್ಟುವುದೇ ಇಲ್ಲಿ.

ನಮ್ಮ ಶಾಸನಗಳಲ್ಲಿ ‘ಕಟ್ಟುಕೊಡಗೆ’, ‘ದಶವಂದ’, ‘ಬಿತ್ತುವಟ್ಟ’ ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಕೆರೆ ಕಟ್ಟಿದವರಿಗೆ, ಒಡೆದದ್ದನ್ನು ಸರಿಮಾಡಿದವರಿಗೆ, ವರ್ಷ ವರ್ಷ ನೋಡಿಕೊಳ್ಳುವವರಿಗೆ ಎಂದು ಬಿಟ್ಟುಕೊಟ್ಟ ಭೂಮಿ ಮತ್ತು ಫಸಲಿನ ಪಾಲು ಇವು. ಹೂಳು ಸಾಗಿಸುವ ಬಂಡಿಯ ಖರ್ಚಿಗೆಂದೇ ದತ್ತಿ ಬಿಟ್ಟದ್ದೂ ಉಂಟು. ಇದನ್ನು ಗಮನಿಸಿ: ಕಟ್ಟುವ ಖರ್ಚಿನ ಜೊತೆಗೇ ಕಾಪಾಡುವ ಖರ್ಚಿಗೂ ದಾರಿ ಮಾಡಿದ್ದರು. ಇಂದು ನಾವು ಶಂಕುಸ್ಥಾಪನೆಯ ಕಲ್ಲಿಗೆ ಕೊಡುವ ಗೌರವವನ್ನು ಹೂಳಿನ ಬಂಡಿಗೆ ಕೊಡುವುದಿಲ್ಲ.

ದಿನದಿನದ ಕೆಲಸ ನೀರುಗಂಟಿಯದು. ತೂಬು ಎತ್ತುವುದು, ಇಳಿಸುವುದು, ಗದ್ದೆಯಿಂದ ಗದ್ದೆಗೆ ಸರದಿಯಂತೆ ನೀರು ಹಾಯಿಸುವುದು, ಮಳೆಗಾಲದ ರಾತ್ರಿಗಳಲ್ಲಿ ಏರಿ ಕಾಯುವುದು. ನೀರು ಕಡಿಮೆ ಬಂದ ವರ್ಷ ಅಂಗಳದಲ್ಲಿ ಎಷ್ಟಿದೆ ಎಂದು ಕಣ್ಣಳತೆಯಲ್ಲೇ ಲೆಕ್ಕ ಹಾಕಿ, ಈ ಬಾರಿ ಭತ್ತ ಬೇಡ, ರಾಗಿ ಸಾಕು ಎಂದು ಹಿರಿಯರಿಗೆ ಹೇಳಬಲ್ಲವನು ಅವನೇ. ಸುಗ್ಗಿಯಲ್ಲಿ ಪ್ರತಿಯೊಬ್ಬ ರೈತನೂ ಕಣದಲ್ಲೇ ಅವನ ಪಾಲಿನ ಧಾನ್ಯ ಅಳೆದು ಕೊಡುತ್ತಿದ್ದ. ಸಂಬಳ ಸರ್ಕಾರದಿಂದ ಬರುತ್ತಿರಲಿಲ್ಲವಾದ್ದರಿಂದ ಅವನು ಉತ್ತರ ಹೇಳಬೇಕಾದದ್ದು ಊರಿಗೇ.

ಇದೆಲ್ಲ ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಹಿಂದಿನದೆಲ್ಲ ರಾಮರಾಜ್ಯವೆಂದು ನಂಬಬೇಡಿ. ನೀರುಗಂಟಿಗಳಲ್ಲಿ ಬಹುಪಾಲು ಜನ ದಲಿತರು. ಊರಿನ ನೀರೆಲ್ಲ ಅವರ ಕೈಯಲ್ಲಿದ್ದರೂ ಊರ ಚಾವಡಿಯ ಮೇಲೆ ಅವರಿಗೆ ಜಾಗವಿರಲಿಲ್ಲ. ಎಷ್ಟೋ ಕಡೆ ಅವರು ಹಾಯಿಸಿದ ನೀರನ್ನು ಅವರೇ ಸೇದುವಂತಿರಲಿಲ್ಲ. ಹೆಂಗಸರ ಅಭಿಪ್ರಾಯವನ್ನಂತೂ ಯಾರೂ ಕೇಳುತ್ತಿರಲಿಲ್ಲ. ಆದ್ದರಿಂದ ಹಳೆಯ ಪದ್ಧತಿಯಿಂದ ನಾವು ಕಲಿಯಬೇಕಾದದ್ದು ಕೆಲಸದ ಕ್ರಮವನ್ನು, ಕೂರುವ ಸಾಲನ್ನಲ್ಲ.

ಕೈ ತಪ್ಪಿದ್ದು ಹೇಗೆ?

ಬ್ರಿಟಿಷರ ಕಾಲದಿಂದ ಕೆರೆಗಳು ಒಂದೊಂದಾಗಿ ಸರ್ಕಾರದ ಲೆಕ್ಕಕ್ಕೆ ಸೇರುತ್ತ ಬಂದವು. ಈಗ 40ರಿಂದ 2,000 ಹೆಕ್ಟೇರ್ ಅಚ್ಚುಕಟ್ಟಿನ ಕೆರೆಗಳು ಸಣ್ಣ ನೀರಾವರಿ ಇಲಾಖೆಗೆ, ಅದಕ್ಕಿಂತ ಚಿಕ್ಕವು ಪಂಚಾಯಿತಿಗಳಿಗೆ. ಏರಿ ಬಿರುಕು ಬಿಟ್ಟರೆ ‘ಇಲಾಖೆಯವರು ನೋಡಿಕೊಳ್ಳಲಿ’ ಎಂಬ ಮಾತು ಆಗ ಹುಟ್ಟಿತು. ಗೊಬ್ಬರದ ಚೀಲ ಬಂದ ಮೇಲೆ ಬೇಸಿಗೆಯಲ್ಲಿ ಗಾಡಿ ಕಟ್ಟಿಕೊಂಡು ಕೆರೆಯ ಗೋಡು ಹೊಲಕ್ಕೆ ಹೊಡೆಯುವುದು ನಿಂತಿತು. ಹೊಲಕ್ಕೆ ಫಲವತ್ತಾದ ಮಣ್ಣು, ಕೆರೆಗೆ ಆಳ, ಎರಡೂ ಒಟ್ಟಿಗೇ ಹೋದವು. ಆಮೇಲೆ ಕೊಳವೆಬಾವಿ ಬಂತು. ಸ್ವಂತ ಬಾವಿ ಕೊರೆಸಿಕೊಳ್ಳಬಲ್ಲವರಿಗೆ ಕೆರೆಯ ಹಂಗು ತಪ್ಪಿತು. ಊರಿನಲ್ಲಿ ಮಾತು ನಡೆಯುವ ಜನವೂ ಅವರೇ ಆದ್ದರಿಂದ ಕೆರೆಯ ಪರವಾಗಿ ಮಾತಾಡುವವರು ಇಲ್ಲದಂತಾಯಿತು. ಕಾಲುವೆಯ ಮೇಲೆ ಒಬ್ಬರು ಬದು ಹಾಕಿದರು, ಇನ್ನೊಬ್ಬರು ಮನೆ ಕಟ್ಟಿದರು. ನೀರು ಬರುವ ಬಯಲಿನಲ್ಲಿ ನೀಲಗಿರಿ ಎದ್ದಿತು.

ಹೂಳು ತುಂಬಿದ್ದರಿಂದ ಕೆರೆ ಹಾಳಾಯಿತು ಎಂದು ನಾವು ಸಾಮಾನ್ಯವಾಗಿ ಹೇಳುತ್ತೇವೆ. ನಡೆದದ್ದು ಬೇರೆ. ಹೂಳು ಕೆರೆ ಕಟ್ಟಿದ ವರ್ಷದಿಂದಲೂ ಬರುತ್ತಲೇ ಇತ್ತು. ಅದನ್ನು ಎತ್ತುವುದು ನಮ್ಮ ಕೆಲಸ ಎನ್ನುವವರು ಇಲ್ಲವಾದರು, ಅಷ್ಟೇ.

ದೊಡ್ಡವರ ವಾದ, ರೈತರ ಉತ್ತರ

1968ರಲ್ಲಿ ಅಮೆರಿಕದ ಗ್ಯಾರೆಟ್ ಹಾರ್ಡಿನ್ ಎಂಬ ವಿಜ್ಞಾನಿ ಒಂದು ಲೇಖನ ಬರೆದು ಹೆಸರುವಾಸಿಯಾದರು. ಎಲ್ಲರಿಗೂ ಸೇರಿದ ಹುಲ್ಲುಗಾವಲಿನಲ್ಲಿ ಪ್ರತಿಯೊಬ್ಬನೂ ತನ್ನದೊಂದು ದನವನ್ನು ಹೆಚ್ಚಾಗಿ ಬಿಡುತ್ತಾನೆ. ಲಾಭ ಅವನೊಬ್ಬನಿಗೆ, ನಷ್ಟ ಎಲ್ಲರಿಗೂ ಹಂಚಿಹೋಗುತ್ತದೆ. ಕೊನೆಗೆ ಗಾವಲೇ ಬರಡಾಗುತ್ತದೆ. ಆದ್ದರಿಂದ ಅದನ್ನು ಸರ್ಕಾರ ವಹಿಸಿಕೊಳ್ಳಬೇಕು, ಇಲ್ಲವೇ ಖಾಸಗಿಯವರಿಗೆ ಹಂಚಬೇಕು ಎಂಬುದು ಅವರ ವಾದದ ಸಾರ. ಈ ಮಾತನ್ನು ನಮ್ಮ ಕಚೇರಿಗಳಲ್ಲೂ ಬಹಳ ಕಾಲ ವೇದವಾಕ್ಯದಂತೆ ನಂಬಿದರು.

ಎಲಿನೋರ್ ಆಸ್ಟ್ರಂ ಎಂಬ ಮಹಿಳೆ ನಂಬಲಿಲ್ಲ. ಮೀನುಗಾರರ, ಮಲೆ ಹಳ್ಳಿಗಳ, ಕಾಲುವೆ ರೈತರ ನಡವಳಿಕೆಯನ್ನು ದೇಶ ದೇಶಗಳಿಂದ ಕಲೆಹಾಕಿ 1990ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ನೂರಾರು ವರ್ಷ ಹಾಳಾಗದೆ ಉಳಿದ ಸಾಮೂಹಿಕ ಆಸ್ತಿಗಳು ಎಷ್ಟೋ ಇವೆ, ಅವುಗಳನ್ನು ಉಳಿಸಿದವರು ಬಳಸುವ ಜನರೇ ಎಂದು ತೋರಿಸಿಕೊಟ್ಟರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು. ಆ ವಿಷಯದಲ್ಲಿ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರು. ಹಾಗೆ ಉಳಿದ ಕಡೆಗಳಲ್ಲೆಲ್ಲ ಅವರು ಕಂಡದ್ದನ್ನು ನಮ್ಮ ಕೆರೆಯ ಮಾತಿನಲ್ಲಿ ಹೇಳುವುದಾದರೆ ಹೀಗೆ: ಯಾರಿಗೆ ಹಕ್ಕಿದೆ ಎಂಬುದು ಸ್ಪಷ್ಟ, ನಿಯಮ ಮಾಡಿದವರು ಬಳಸುವವರೇ, ಕಾವಲುಗಾರ ಅವರಿಗೇ ಉತ್ತರ ಹೇಳಬೇಕಾದವನು, ಮೊದಲ ತಪ್ಪಿಗೆ ಸಣ್ಣ ದಂಡ, ಮರುಕಳಿಸಿದರೆ ದೊಡ್ಡದು, ಜಗಳ ತೀರಿಸಲು ಹತ್ತಿರದಲ್ಲೇ, ಖರ್ಚಿಲ್ಲದ ಒಂದು ಜಾಗ, ಇದಕ್ಕೆಲ್ಲ ಸರ್ಕಾರ ಅಡ್ಡ ಬರಬಾರದು.

ಅವರು ಅಭ್ಯಾಸ ಮಾಡಿದ ಜಾಗಗಳಲ್ಲಿ ಒಂದನ್ನು ನೀವು ಕೇಳಲೇಬೇಕು. ಸ್ಪೇನ್ ದೇಶದ ವಲೆನ್ಸಿಯ ಪಟ್ಟಣದ ಪ್ರಧಾನಾಲಯಕ್ಕೆ ‘ಪ್ರೇಷಿತರ ಬಾಗಿಲು’ ಎಂಬ ಒಂದು ದ್ವಾರವಿದೆ. ಪ್ರತಿ ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ಅದರ ಮುಂದೆ ಎಂಟು ಜನ ರೈತರು ಕಪ್ಪು ಅಂಗಿ ತೊಟ್ಟು ಕುಳಿತುಕೊಳ್ಳುತ್ತಾರೆ. ಎಂಟು ಕಾಲುವೆಗಳ ರೈತರು ಆರಿಸಿ ಕಳುಹಿಸಿದ ಪ್ರತಿನಿಧಿಗಳು ಇವರು. ಒಂದೊಂದು ಕಾಲುವೆಯ ಹೆಸರು ಕೂಗಿ, ದೂರು ಇದ್ದವರು ಬನ್ನಿ ಎಂದು ಕರೆಯುತ್ತಾರೆ. ಸರದಿ ತಪ್ಪಿಸಿ ನೀರು ತಿರುಗಿಸಿದವನು, ಕಾಲುವೆ ಶುಚಿ ಮಾಡದೆ ಬಿಟ್ಟವನು ಎಲ್ಲರೆದುರು ನಿಂತು ಉತ್ತರ ಹೇಳಬೇಕು. ವಕೀಲರಿಲ್ಲ, ಕಾಗದಪತ್ರದ ವಾದವಿಲ್ಲ. ಯಾವ ಕಾಲುವೆಯ ದೂರೋ ಆ ಕಾಲುವೆಯ ಪ್ರತಿನಿಧಿ ತೀರ್ಪಿನಲ್ಲಿ ಸೇರುವುದಿಲ್ಲ. ತೀರ್ಪು ಅಲ್ಲೇ, ಆಗಲೇ. ಅದರ ಮೇಲೆ ಅಪೀಲೂ ಇಲ್ಲ. ಎಷ್ಟೋ ಗುರುವಾರ ಒಂದು ದೂರೂ ಬರುವುದಿಲ್ಲ. ಆಗಲೂ ತಪ್ಪದೆ ಬಂದು, ಕೂತು, ಹೆಸರು ಕೂಗಿ ಎದ್ದು ಹೋಗುತ್ತಾರೆ. ನೂರಾರು ವರ್ಷಗಳಿಂದ ನಡೆದುಬಂದ ಈ ಜಲ ನ್ಯಾಯಪೀಠವನ್ನು 2009ರಲ್ಲಿ ಯುನೆಸ್ಕೊ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಜಗಳವಿಲ್ಲದ ವಾರವೂ ಸಭೆ ಸೇರುವುದೇ ಇದರ ಗುಟ್ಟೆಂದು ನನಗನ್ನಿಸುತ್ತದೆ. ನಮ್ಮಲ್ಲಿ ಸಭೆ ಸೇರುವುದು ಏರಿ ಒಡೆದ ಮೇಲೆ.

ಭೂಮಿಯಿಲ್ಲದವರ ಪಾಲು

ಈಗ ಪಾಠದ ಮುಖ್ಯ ಭಾಗಕ್ಕೆ ಬರೋಣ. ಕೆರೆಯ ಸಂಘ ಎಂದೊಡನೆ ಅಚ್ಚುಕಟ್ಟಿನ ರೈತರ ಪಟ್ಟಿ ತಯಾರಾಗುತ್ತದೆ. ಪಹಣಿ ಇದ್ದವರೇ ಸದಸ್ಯರು. ಬಟ್ಟೆ ಒಗೆಯುವವರು, ಕುರಿ ಮೇಯಿಸುವವರು, ಮಡಕೆಗೆ ಜೇಡಿಮಣ್ಣು ಒಯ್ಯುವವರು, ಹುಲ್ಲು ಕೊಯ್ಯುವ ಹೆಂಗಸರು, ಗದ್ದೆ ನಾಟಿಯ ಕೂಲಿಯನ್ನೇ ನಂಬಿದವರು, ಇವರಾರೂ ಪಟ್ಟಿಯಲ್ಲಿಲ್ಲ. ಕೆರೆ ಒಣಗಿದರೆ ಮೊದಲು ಊರು ಬಿಟ್ಟು ಕೆಲಸ ಹುಡುಕಿಕೊಂಡು ಪಟ್ಟಣಕ್ಕೆ ಹೋಗುವವರು ಮಾತ್ರ ಇವರೇ.

ಇವರನ್ನು ಬಿಟ್ಟರೆ ಏನಾಗುತ್ತದೆ, ಸೇರಿಸಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಹರಿಯಾಣದ ಸುಖೋಮಾಜ್ರಿ ಎಂಬ ಹಳ್ಳಿ ಒಳ್ಳೆಯ ಉದಾಹರಣೆ. ಚಂಡೀಗಢದ ಸುಖನಾ ಸರೋವರ ಹೂಳಿನಿಂದ ತುಂಬುತ್ತಿತ್ತು. ಮಣ್ಣು ಎಲ್ಲಿಂದ ಬರುತ್ತಿದೆ ಎಂದು ಹುಡುಕಿಕೊಂಡು 1970ರ ದಶಕದಲ್ಲಿ ಪಿ. ಆರ್. ಮಿಶ್ರಾ ಮತ್ತು ಅವರ ಸಂಗಡಿಗ ವಿಜ್ಞಾನಿಗಳು ಹೊರಟರು. ಈ ಹಳ್ಳಿಯ ಮೇಲಿನ ಗುಡ್ಡಗಳಲ್ಲಿ ದನ, ಮೇಕೆ ಮೇದು ಮೇದು ಹಸಿರು ಇಲ್ಲದೆ ಮಣ್ಣು ಕೊಚ್ಚಿಹೋಗುತ್ತಿತ್ತು. ಅವರು ಹಳ್ಳಿಯ ಹತ್ತಿರ ಸಣ್ಣ ಮಣ್ಣಿನ ಕಟ್ಟೆ ಕಟ್ಟಿಸಿದರು. ನೀರು ನಿಂತಿತು, ಕೆಳಗಿನ ಹೊಲಗಳು ಬೆಳೆದವು. ಆದರೆ ಹೊಲವಿಲ್ಲದವರಿಗೆ ಅದರಿಂದ ಬಂದದ್ದೇನು? ಅವರ ಮೇಕೆಗಳು ಗುಡ್ಡಕ್ಕೆ ಹೋಗುತ್ತಲೇ ಇದ್ದವು. ಗುಡ್ಡ ಮೇಯುವವರೆಗೆ ಕಟ್ಟೆಗೆ ಹೂಳು ತಪ್ಪದು.

ಆಗ ಊರು ಒಂದು ತೀರ್ಮಾನ ಮಾಡಿತು. ಭೂಮಿ ಇರಲಿ, ಇಲ್ಲದಿರಲಿ, ಕಟ್ಟೆಯ ನೀರಿನಲ್ಲಿ ಪ್ರತಿ ಮನೆಗೂ ಸಮಪಾಲು. ಹೊಲವಿಲ್ಲದವರು ತಮ್ಮ ಪಾಲನ್ನು ಬೇಕಾದವರಿಗೆ ಮಾರಿಕೊಳ್ಳಬಹುದು. ಅಂದಿನಿಂದ ಗುಡ್ಡ ಕಾಯುವುದು ಎಲ್ಲ ಮನೆಗಳ ಸ್ವಂತ ಕೆಲಸವಾಯಿತು. ಬೇಲಿ ಹಾಕಲಿಲ್ಲ, ಕಾವಲು ಹಾಕಲಿಲ್ಲ. ಮೇಕೆಗಳು ಕಡಿಮೆಯಾಗಿ ಹಾಲು ಕೊಡುವ ಎಮ್ಮೆಗಳು ಬಂದವು, ಗುಡ್ಡದ ಮೇಲೆ ಹುಲ್ಲು ಎದ್ದಿತು.

ಮಹಾರಾಷ್ಟ್ರದ ಪುರಂದರ ತಾಲ್ಲೂಕಿನಲ್ಲಿ ವಿಲಾಸರಾವ್ ಸಾಳುಂಕೆಯವರು ಇದನ್ನೇ ಇನ್ನೊಂದು ದಾರಿಯಲ್ಲಿ ಮಾಡಿದರು. 1972ರ ಬರಗಾಲದ ಅನುಭವದಿಂದ ಹುಟ್ಟಿದ ಅವರ ‘ಪಾಣಿ ಪಂಚಾಯತ್’ನಲ್ಲಿ ನೀರಿನ ಪಾಲು ಎಕರೆಯ ಲೆಕ್ಕದಲ್ಲಲ್ಲ, ಮನೆಯ ತಲೆಗಳ ಲೆಕ್ಕದಲ್ಲಿ. ತಲೆಗೆ ಅರ್ಧ ಎಕರೆಯ ನೀರು, ಒಂದು ಕುಟುಂಬಕ್ಕೆ ಹೆಚ್ಚೆಂದರೆ ಎರಡೂವರೆ ಎಕರೆಯದು. ಕಬ್ಬು ಬೆಳೆಯುವಂತಿಲ್ಲ. ಭೂಮಿಯಿಲ್ಲದವರಿಗೂ ಪಾಲುಂಟು. ಭೂಮಿ ಮಾರಿದರೆ ನೀರಿನ ಹಕ್ಕು ಅದರ ಜೊತೆ ಹೋಗದು. ನೂರೆಕರೆಯ ಯಜಮಾನನಿಗೂ ಎರಡೆಕರೆಯ ರೈತನಿಗೂ ಒಂದೇ ಅಳತೆ. ಇದನ್ನು ಒಪ್ಪಿಸುವುದು ಎಷ್ಟು ಕಷ್ಟವೆಂದು ಹಳ್ಳಿಯಲ್ಲಿ ಬದುಕುವವರಿಗೆ ಹೇಳಬೇಕಾಗಿಲ್ಲ.

ಮುಚ್ಚಿದ ತೂಬು

ಈ ಮಾತು ನಮ್ಮ ಊರುಗಳಿಗೆ ಎಲ್ಲಿ ತಟ್ಟುತ್ತದೆ? ಒಂದು ಸಂಗತಿ ಹೇಳುತ್ತೇನೆ. ಒಣ ಪ್ರದೇಶದ ಹಲವು ಊರುಗಳಲ್ಲಿ ಕೆರೆಯ ತೂಬುಗಳನ್ನು ಕಾಯಮ್ಮಾಗಿ ಮುಚ್ಚಿಬಿಟ್ಟಿದ್ದಾರೆ. ನೀರು ಅಂಗಳದಲ್ಲೇ ನಿಂತು ಇಂಗಲಿ, ಸುತ್ತಲಿನ ಕೊಳವೆಬಾವಿಗಳು ತುಂಬಲಿ ಎಂಬುದು ಕಾರಣ. ಇದು ತಪ್ಪು ತೀರ್ಮಾನವೇ ಆಗಬೇಕೆಂದಿಲ್ಲ. ಮಳೆ ಕಡಿಮೆಯಾದ ಕಡೆ ಕುಡಿಯುವ ನೀರಿಗೆ ಇದೇ ಸರಿಯಿರಬಹುದು. ಆದರೆ ಅಚ್ಚುಕಟ್ಟಿನಲ್ಲಿ ಹತ್ತು ಗುಂಟೆ ಗದ್ದೆ ಇದ್ದು, ಕೊಳವೆಬಾವಿ ಕೊರೆಸಲು ಕೈಲಾಗದ ವಿಧವೆಗೆ ಏನು ಸಿಕ್ಕಿತು? ನೀರುಗಂಟಿಗೆ ಏನು ಸಿಕ್ಕಿತು? ಎಲ್ಲರ ಕೆರೆಯ ನೀರು ನೆಲದೊಳಗೆ ಇಳಿದು, ಮೋಟಾರು ಇದ್ದವರ ನೀರಾಗಿ ಮೇಲೆ ಬರುತ್ತದೆ. ತೂಬು ಮುಚ್ಚುವ ದಿನ ಇವರನ್ನು ಕೂರಿಸಿ ಕೇಳಿದ್ದರೆ, ಬಾವಿ ಇರುವವರು ಬಾವಿಯಿಲ್ಲದವರಿಗೆ ಒಂದು ಬೆಳೆಗಾದರೂ ನೀರು ಬಿಡಬೇಕು ಎಂಬ ಷರತ್ತು ಹುಟ್ಟುತ್ತಿತ್ತೇನೋ.

ಮಹಾರಾಷ್ಟ್ರದ ಹಿವರೆ ಬಜಾರಿನಲ್ಲಿ ಇಂಥ ಷರತ್ತುಗಳಿವೆ. ಅಲ್ಲಿ ಬೇಸಾಯಕ್ಕೆ ಕೊಳವೆಬಾವಿ ಕೊರೆಸುವಂತಿಲ್ಲ. ಪ್ರತಿವರ್ಷ ಮಳೆ ಅಳೆದು, ಗ್ರಾಮಸಭೆಯಲ್ಲಿ ನೀರಿನ ಆಯವ್ಯಯ ಓದಿ, ಯಾವ ಬೆಳೆ ಇಡಬಹುದೆಂದು ಒಟ್ಟಿಗೆ ತೀರ್ಮಾನಿಸುತ್ತಾರೆ. ನಮ್ಮ ನೀರುಗಂಟಿ ಕಣ್ಣಳತೆಯಲ್ಲಿ ಮಾಡುತ್ತಿದ್ದುದೂ ಇದೇ ಅಲ್ಲವೇ?

ಕರ್ನಾಟಕದಲ್ಲಿ ಪ್ರಯತ್ನವೇ ಆಗಿಲ್ಲವೆಂದಲ್ಲ. 2002ರಲ್ಲಿ ವಿಶ್ವಬ್ಯಾಂಕಿನ ಸಾಲದಿಂದ ಜಲ ಸಂವರ್ಧನೆ ಯೋಜನಾ ಸಂಘ ಕೆಲಸ ಶುರುಮಾಡಿ, ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಿಸಿತು. ಊರಿನವರೇ ಖರ್ಚಿನ ಒಂದು ಪಾಲು ಹಾಕಿ, ಊರಿನವರೇ ಕೆಲಸ ನೋಡಿಕೊಳ್ಳಬೇಕು ಎಂಬುದು ಅದರ ಕ್ರಮ. ಯೋಜನೆ ಮುಗಿದ ಮೇಲೆ ಎಲ್ಲ ಸಂಘಗಳೂ ಅದೇ ಹುರುಪಿನಲ್ಲಿ ಉಳಿಯಲಿಲ್ಲ. ಹಣ ಬರುವಾಗ ಸೇರುವ ಸಂಘ, ಹಣ ನಿಂತಾಗ ಚದುರುವುದು ಸಹಜ. ಮೀನು ಹರಾಜಿನ ದುಡ್ಡು, ನೀರಿನ ವಂತಿಗೆ, ಗೋಡು ಮಣ್ಣಿನ ಶುಲ್ಕ, ಇಂಥ ಸ್ವಂತ ವರಮಾನವಿದ್ದರೆ ಮಾತ್ರ ಸಂಘಕ್ಕೆ ಉಸಿರು.

2018ರಿಂದ ಕೋಲಾರದ ಕೆರೆಗಳಿಗೆ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು ಕೊಳವೆಗಳಲ್ಲಿ ಬರುತ್ತಿದೆ. ಅದು ಅಂತರ್ಜಲಕ್ಕೆಂದು ಕೊಟ್ಟ ನೀರು, ಕೆರೆಗೆ ಪಂಪು ಇಟ್ಟು ಎತ್ತುವಂತಿಲ್ಲ ಎಂಬುದು ನಿಯಮ. ನೀರು ಸಾಕಷ್ಟು ಶುದ್ಧವಾಗಿದೆಯೇ ಎಂಬ ಚರ್ಚೆ ಒಂದು ಕಡೆ. ಪಂಪು ಇಟ್ಟವರನ್ನು ತಡೆಯುವವರು ಯಾರು ಎಂಬ ಹಳೆಯ ಪ್ರಶ್ನೆ ಇನ್ನೊಂದು ಕಡೆ. ಬತ್ತಿದ ಕೆರೆಗೆ ಹೇಗೋ ಹಾಗೆಯೇ ತುಂಬಿದ ಕೆರೆಗೂ ಕಾಯುವವರು ಬೇಕು.

ಸಭೆಗೆ ಹೋಗುವ ಮುನ್ನ

ಕಾನೂನು ನಿಮ್ಮ ಕಡೆ ಇದೆ. ಪಂಜಾಬಿನ ಪಟಿಯಾಲ ಜಿಲ್ಲೆಯ ಒಂದು ಹಳ್ಳಿಯಲ್ಲಿ ಊರ ಕೊಳವನ್ನೇ ಮುಚ್ಚಿ ಮನೆ ಕಟ್ಟಿಕೊಂಡಿದ್ದರು. 2011ರ ಜನವರಿ 28ರಂದು ಜಗಪಾಲ್ ಸಿಂಗ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸಕ್ರಮಗೊಳಿಸಲು ಒಪ್ಪಲಿಲ್ಲ. ಬಹಳ ವರ್ಷದಿಂದ ಇದ್ದೇವೆ, ಬಹಳ ಖರ್ಚು ಮಾಡಿದ್ದೇವೆ ಎಂಬುದು ನೆಪವಾಗದು ಎಂದಿತು. ಊರ ಸಾಮೂಹಿಕ ಜಾಗಗಳ ಒತ್ತುವರಿ ತೆರವು ಮಾಡಲು ಎಲ್ಲ ರಾಜ್ಯಗಳಿಗೂ ಸೂಚಿಸಿತು. ಭೂಹೀನ ಕೂಲಿಕಾರರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಸರ್ಕಾರವೇ ಗುತ್ತಿಗೆ ಕೊಟ್ಟಿದ್ದರೆ, ಅಲ್ಲಿ ಶಾಲೆ ಅಥವಾ ದವಾಖಾನೆ ಇದ್ದರೆ ಅಂಥ ಕಡೆ ವಿನಾಯಿತಿಗೆ ಅವಕಾಶವಿಟ್ಟಿತು. ಒತ್ತುವರಿ ತೆರವೆಂದರೆ ಬಡವರ ಗುಡಿಸಲಿನಿಂದ ಶುರುಮಾಡುವ ಅಧಿಕಾರಿಗಳಿಗೆ ಈ ಸಾಲನ್ನು ತೋರಿಸಬೇಕು.

ನಮ್ಮವರಲ್ಲಿ ಒಂದು ಹಿಂಜರಿಕೆ ಉಂಟು. ಕೆರೆ ಸಭೆ ಗಂಗಮ್ಮನ ಪೂಜೆಯಿಂದ ಆರಂಭವಾಗುತ್ತದೆ, ನಾವು ಹೇಗೆ ಹೋಗುವುದು ಎಂದು. ನೆರೆಯವರ ಪೂಜೆಗೆ ಮರ್ಯಾದೆ ಕೊಟ್ಟು ಪಕ್ಕದಲ್ಲಿ ನಿಂತು, ಲೆಕ್ಕದ ಪುಸ್ತಕ ತೆರೆದಾಗ ಮುಂದೆ ಬಂದು ಕೂರಬಹುದು. ಪರಿಸರದ ಮೇಲೆ ಪರಿಣಾಮ ಬೀರುವ ಯೋಜನೆಗಳ ಚರ್ಚೆಯಲ್ಲಿ ಸ್ಥಳೀಯ ಜನರಿಗೆ ವಿಶೇಷ ಸ್ಥಾನವಿರಬೇಕೆಂದು ಜಗದ್ಗುರು ಫ್ರಾನ್ಸಿಸರು 2015ರ ತಮ್ಮ ‘ಲಾವ್ದಾತೊ ಸಿ’ ಪತ್ರದಲ್ಲಿ ಹೇಳಿದ್ದಾರೆ. ಆ ಸ್ಥಾನ ಖಾಲಿ ಬಿಟ್ಟರೆ ಇನ್ನಾರೋ ಬಂದು ಕೂರುತ್ತಾರೆ.

ಮಳೆಗಾಲಕ್ಕೆ ಮುಂಚೆ ಒಂದು ಬೆಳಗ್ಗೆ ಕೋಡಿಯಿಂದ ಹೊರಟು ಏರಿಯ ಮೇಲೆ ನಡೆದು, ನೀರು ಬರುವ ಕಾಲುವೆಯ ಕೊನೆಯವರೆಗೂ ಹೋಗಿ ಬನ್ನಿ. ಹಿರಿಯರೊಬ್ಬರು, ಕುರಿ ಕಾಯುವವರೊಬ್ಬರು, ಶಾಲೆ ಮಕ್ಕಳು ಜೊತೆಗಿರಲಿ. ಏರಿಯಲ್ಲಿ ಇಲಿ ಬಿಲ, ಬೇರು ಬಿಟ್ಟ ಗಿಡ ಎಲ್ಲೆಲ್ಲಿವೆ, ಕಾಲುವೆ ಎಲ್ಲಿ ಕಾಣೆಯಾಗಿದೆ ಎಂದು ಬರೆದುಕೊಳ್ಳಿ. ಊರ ನಕ್ಷೆಯ ಪ್ರತಿ ಕೇಳಿ ಪಡೆದು ಅದರ ಮೇಲೆ ಗುರುತು ಮಾಡಿ. ಹೂಳೆತ್ತುವ ಯಂತ್ರ ಬಂದರೆ ಇಟ್ಟಿಗೆ ಗೂಡಿನವರಿಗೆ ಬೇಕಾದಂತೆ ಒಂದೇ ಕಡೆ ಬಾವಿಯಂತೆ ತೋಡಲು ಬಿಡಬೇಡಿ. ಎಷ್ಟು ಆಳ, ಯಾವ ಕಡೆ, ಮಣ್ಣು ಯಾರ ಹೊಲಕ್ಕೆ ಎಂದು ಮೊದಲೇ ಬರೆದಿಡಿ. ಗ್ರಾಮಸಭೆಗೆ ಹೆಂಗಸರು ಇಬ್ಬರು ಮೂವರಾಗಿ ಒಟ್ಟಿಗೆ ಹೋಗಿ. ಒಬ್ಬರೇ ಎದ್ದು ಮಾತಾಡುವುದು ಎಲ್ಲರಿಗೂ ಕಷ್ಟ.

ಸಂಘ ಮಾಡುವುದಾದರೆ ಮೊದಲ ಸಭೆಯಲ್ಲೇ ಎರಡು ವಿಷಯ ಪುಸ್ತಕಕ್ಕೆ ಏರಲಿ. ಭೂಮಿಯಿಲ್ಲದ ಮನೆಗಳಿಗೆ ಕೆರೆಯಿಂದ ಯಾವ ಪಾಲು, ಮೀನಿನಲ್ಲೋ, ಹುಲ್ಲಿನಲ್ಲೋ, ನೀರಿನಲ್ಲೋ. ಎರಡನೆಯದು, ಈ ಮಳೆಗಾಲದಲ್ಲಿ ಏರಿ ಕಾಯುವ ನೀರುಗಂಟಿಯ ಹೆಸರು, ಅವನ ಕೂಲಿ ಎಷ್ಟು, ಯಾವ ತಾರೀಕಿಗೆ, ಯಾರ ಕೈಯಿಂದ.